ಬೆಳಕಿನ ಸೂತಕ

ಮುಟ್ಟಳ್ಳಿ, ಭಟ್ಕಳ
ಚೌತಿ ಕಳೆದು ಮೂರನೇ ಬುಧವಾರ

ಮಗಳು ವಿನುತಾಳಿಗೆ ನಿನ್ನ ಆಯಿ ಬರೆಯುವುದು.

ಕಾಗದ ಬರೆಯುವಾಗ ಮೊದಲು ‘ನಾವು ಇಲ್ಲಿ ಕ್ಷೇಮ’ ಎಂದು ಬರೆಯಬೇಕು ಎಂದು ಶಾಲೆಯಲ್ಲಿ ಕಲಿಸಿದ್ದರು. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳಿಗೂ ಅಷ್ಟು ನೆನಪಿದೆ. ಆದರೆ ಇಲ್ಲಿ ಕ್ಷೇಮ ಇಲ್ಲ. ಇಲ್ಲದ್ದನ್ನು ಯಾಕೆ ಬರೆಯಲಿ, ಆ ಸಾಲು ಬಿಟ್ಟಿದ್ದೇನೆ.

ನೀನು ನನ್ನ ಫೋನು ಎತ್ತುವುದಿಲ್ಲ. ಎತ್ತಿದರೂ ಉಪಯೋಗವಿಲ್ಲ, ಎರಡನೇ ಮಾತಿಗೆ ನನ್ನ ಸ್ವರ ಏರುತ್ತದೆ, ಮೂರನೇ ಮಾತಿಗೆ ನೀನು ಇಟ್ಟುಬಿಡುತ್ತೀ. ನರೇಶನಿಗೆ ಹೇಳೋಣವೆಂದರೆ ನಿನ್ನ ಗಂಡ ಯಾವ ಊರಿನ ಕರೆಂಟು ಕಂಬದ ಮೇಲಿರುತ್ತಾನೋ. ಇಳಿದು ಮನೆಗೆ ಬಂದು ಅರ್ಧ ಹೇಳುತ್ತಾನೆ, ಅರ್ಧ ನುಂಗುತ್ತಾನೆ. ಹೆಂಗಸರಿಗೆ ಬೇಜಾರಾಗಬಾರದೆಂದು ನುಂಗುವ ಗಂಡಸರು ನಮ್ಮ ಮನೆಗೆ ಒಬ್ಬರೇ ಸಾಕು. ಅದಕ್ಕೇ ಕಾಗದ. ಪಕ್ಕದ ಮನೆಯ ಪ್ರವೀಣ ಟೆಂಪೋದಲ್ಲಿ ತೆಂಗಿನಕಾಯಿ ಹಾಕಿಕೊಂಡು ಕುಮಟೆಗೆ ಬರುವವನಿದ್ದಾನೆ, ಅವನ ಕೈಯಲ್ಲಿ ಕೊಡುತ್ತೇನೆ. ಕೂತು ಓದು. ನಿಂತು ಓದಬೇಡ, ಒಂಬತ್ತರಲ್ಲಿ ಕಾಲು ಬಾತಿರುತ್ತದೆ.

ಮೊದಲು ಬೇಲಿಯ ದಣಪೆಯ ಹತ್ತಿರ ಆದ ಮಾತು.

ಶ್ರಾವಣದಲ್ಲಿ ಏಳು ತುಂಬಿತೆಂದು ನೀನು ತವರಿನ ಹೂ ಮುಡಿಯಲು ಬಂದೆ. ಮಳೆ ಹನಿಯುತ್ತಿತ್ತು. ಹಿಂದೆ ನರೇಶ ಚೀಲ ಹಿಡಿದುಕೊಂಡು ನಿಂತಿದ್ದ. ನಾನು ಅಂಗಳದಿಂದಲೇ, ಅಲ್ಲೇ ನಿಲ್ಲು, ದಣಪೆ ದಾಟಿದರೆ ನೋಡು ಎಂದು ಕೂಗಿದೆ. ಅಪ್ಪನ ಮೈಯಲ್ಲಿ ಸ್ಕ್ಯಾನಿನ ಬೆಳಕಿನ ಮದ್ದು ಇನ್ನೂ ಇದೆ, ಬಸುರಿಯರು ಅದೇ ಗಾಳಿ ಉಸಿರಾಡಬಾರದು ಎಂದೆ. ಅದು ಒಂದು ದಿನದ ಮಾತು ಆಯಿ, ಮೊಬೈಲಿನಲ್ಲಿ ಓದಿದ್ದೇನೆ ಎಂದು ನೀನು ಹೇಳಿದೆ. ಆಗ ನಾನು ಏನು ಹೇಳಿದೆ ಎಂಬುದು ನಿನಗೂ ನೆನಪಿದೆ, ನನಗೂ ನೆನಪಿದೆ.

“ಹಂಗಾರೆ ಆ ಮೊಬೈಲಿನ ಹತ್ರವೇ ಹೂ ಮುಡಿಸ್ಕೊ, ಹೋಗು.”

ನೀನು ತಂದಿದ್ದ ಕಜ್ಜಾಯದ ಡಬ್ಬಿಯನ್ನು ದಣಪೆಗೆ ಅಡ್ಡ ಹಾಕಿದ ಗಳುವಿನ ಮೇಲೆ ಇಟ್ಟು, ಸೊಂಟಕ್ಕೆ ಕೈ ಕೊಟ್ಟುಕೊಂಡು ರಸ್ತೆಗೆ ಇಳಿದೆ. ನಾನು ನಿನ್ನನ್ನು ಬೇಡ ಎಂದಿದ್ದಲ್ಲ. ಹೊಟ್ಟೆಯಲ್ಲಿ ಇರುವುದನ್ನು ಕಾಯಬೇಕೆಂದು ಕೂಗಿದ್ದು. ಹೋದ ವರ್ಷ ಐದು ತಿಂಗಳಿಗೆ ಒಂದು ಹೋಗಿತ್ತಲ್ಲ, ಇದಾದರೂ ಉಳಿಯಲಿ ಎಂದು. ನನ್ನ ಬಾಯಿಗೆ ಒಳ್ಳೆಯದೂ ಬೈಗಳ ಹಾಗೆಯೇ ಬರುತ್ತದೆ, ನೀನು ಹುಟ್ಟಿದಾಗಿನಿಂದ ಕಂಡಿದ್ದೀ.

ಈಗ ಕೇಳು. ನೀನು ಹೇಳಿದ್ದೇ ಸರಿ ಇತ್ತು. ಅದು ಒಂದೇ ರಾತ್ರಿಯ ಮಾತು. ನನಗೆ ಗೊತ್ತಿರಲಿಲ್ಲ. ನಿನ್ನ ಅಪ್ಪನಿಗೆ ಮೊದಲಿನಿಂದಲೂ ಗೊತ್ತಿತ್ತು.

ಶುರುವಿನಿಂದ ಹೇಳದಿದ್ದರೆ ನಿನಗೆ ತಿಳಿಯುವುದಿಲ್ಲ. ಕುತ್ತಿಗೆಯಲ್ಲಿ ಗಂಟು ಎದ್ದದ್ದು, ಭಟ್ಕಳದಲ್ಲಿ ಅದರ ಚೂರು ತೆಗೆದು ಕಳಿಸಿದ್ದು, ಲಿಂಫೋಮಾ ಕ್ಯಾನ್ಸರು ಎಂದು ಹೆಸರು ಬಂದದ್ದು ನಿನಗೆ ಗೊತ್ತು. ಗುಣವಾಗುವ ಜಾತಿಯದು ಎಂದು ಹೇಳಿದ್ದೆವು. ಡಾಕ್ಟರೂ ಹಾಗೇ ಹೇಳಿದ್ದರು, ಅದು ಸುಳ್ಳಲ್ಲ. ಅದು ಮೈಯಲ್ಲಿ ಎಲ್ಲೆಲ್ಲಿ ಕೂತಿದೆ ಎಂದು ಮೊದಲು ನೋಡಬೇಕು, ಆಮೇಲೆ ಮದ್ದು ಎಂದು ಮಂಗಳೂರಿಗೆ ಕಳಿಸಿದರು. ಹೋಳಿ ಹುಣ್ಣಿಮೆಯ ಸಮಯ. ಹಿಂದಿನ ದಿನ ಮೈ ದಣಿಸುವ ಕೆಲಸ ಮಾಡಬಾರದು, ಬೆಳಿಗ್ಗೆ ನೀರು ಬಿಟ್ಟು ಏನೂ ಬಾಯಿಗೆ ಹಾಕಬಾರದು, ಸಿಹಿಯಂತೂ ಮುಟ್ಟಲೇಬಾರದು. ಸಕ್ಕರೆಗೆ ಒಂದು ತರಹದ ಬೆಳಕಿನ ಮದ್ದು ಸೇರಿಸಿ ನರಕ್ಕೆ ಸೂಜಿ ಕೊಡುತ್ತಾರೆ. ಆ ಕಾಯಿಲೆಗೆ ಸಕ್ಕರೆಯ ಆಸೆ ಜಾಸ್ತಿಯಂತೆ. ಎಲ್ಲಿ ಅಡಗಿದ್ದರೂ ಸಕ್ಕರೆ ಎಳೆದುಕೊಂಡು, ನಾನು ಇಲ್ಲಿದ್ದೇನೆ ಎಂದು ಹೊಳೆದು ತೋರಿಸುತ್ತದೆ. ಇರುವೆಯ ಗೂಡು ಹುಡುಕಲು ನಾವು ಬೆಲ್ಲದ ಚೂರು ಇಡುತ್ತೇವಲ್ಲ, ಅದೇ ಲೆಕ್ಕ. ಸೂಜಿ ಕೊಟ್ಟ ಮೇಲೆ ಒಂದು ಕೋಣೆಯಲ್ಲಿ ಅಲ್ಲಾಡದೆ, ಮಾತಾಡದೆ ಮಲಗಬೇಕು. ಆಮೇಲೆ ಯಂತ್ರದ ಒಳಗೆ.

ಡಾಕ್ಟರು ಪರದೆಯ ಮೇಲೆ ಚಿತ್ರ ತೋರಿಸಿದರು. ಕುತ್ತಿಗೆ, ಕಂಕುಳು, ಎದೆಯ ನಡು, ಹೊಟ್ಟೆಯ ಎಡಗಡೆ ಗುಲ್ಮ, ಎಲ್ಲ ಕಡೆ ಕೆಂಡ ಹಾಕಿದ ಹಾಗೆ. ಎದೆ ಹೊಟ್ಟೆಯ ನಡುವಿನ ವಪೆಯ ಮೇಲೂ ಕೆಳಗೂ ಇದೆ, ಮೂರನೇ ಹಂತ ಎಂದರು. ನಿನ್ನ ಅಪ್ಪ ತಲೆಯನ್ನು ತೋರಿಸಿ, ಇಲ್ಲೂ ಇದೆಯಲ್ಲ ಎಂದು ಕೇಳಿದರು. ಮಿದುಳು ಯಾವಾಗಲೂ ಸಕ್ಕರೆ ತಿನ್ನುತ್ತದೆ, ಎಲ್ಲರ ತಲೆಯೂ ಹೀಗೇ ಉರಿಯುತ್ತದೆ, ಅದಕ್ಕೆ ಹೆದರಬೇಡಿ ಎಂದರು ಡಾಕ್ಟರು. ಹಾಗಾದರೆ ನನ್ನ ಹೆಂಡತಿಯದನ್ನು ಒಮ್ಮೆ ತೆಗೆದು ನೋಡಿ, ನಿಮ್ಮ ಯಂತ್ರ ಸುಟ್ಟು ಹೋಗುತ್ತದೆ ಎಂದರು ನಿನ್ನ ಅಪ್ಪ. ಡಾಕ್ಟರು ನಕ್ಕರು. ನಾನು ನಗಲಿಲ್ಲ.

ಆ ದಿನ ಹೊರಡುವಾಗ ಸೂಜಿ ಕೊಡುವ ಹುಡುಗಿ, ಮೈಯಲ್ಲಿ ಮದ್ದು ಇದೆ, ಬಸುರಿಯರ, ಸಣ್ಣ ಮಕ್ಕಳ ಹತ್ತಿರ ಕೂರಬೇಡಿ ಎಂದು ಹೇಳಿದಳು. ಇಷ್ಟು ನನಗೆ ಕೇಳಿತು. ಆಮೇಲೆ ಅಪ್ಪನ ಹತ್ತಿರ ಅವಳು ಇನ್ನೂ ಏನೋ ಹೇಳುತ್ತಿದ್ದಳು, ನಾನು ಚೀಲ ತರಲು ಹೋಗಿದ್ದೆ. ರೈಲಿನಲ್ಲಿ ಎದುರಿಗೆ ಒಬ್ಬಳು ಕೂಸು ಎತ್ತಿಕೊಂಡು ಬಂದು ಕೂತಳು. ಅಪ್ಪ ಎದ್ದು ಬಾಗಿಲ ಹತ್ತಿರ ಹೋಗಿ ಭಟ್ಕಳದವರೆಗೂ ನಿಂತೇ ಬಂದರು. ಆಗ ನೀನು ಬಸುರಿ ಎಂದು ನಮಗೆ ಹೇಳಿ ಸ್ವಲ್ಪ ದಿನ ಆಗಿತ್ತು.

ಮನೆಗೆ ಬಂದವರೇ, ತಾನು ಪಂಪಿನ ಮನೆಯಲ್ಲಿ ಮಲಗುತ್ತೇನೆ, ತಟ್ಟೆ ಲೋಟ ಬೇರೆ ಇಡು ಎಂದರು. ಎಷ್ಟು ದಿನ ಎಂದು ಕೇಳಿದೆ. ಡಾಕ್ಟರು ಎಲ್ಲ ಮುಗಿಯಿತು ಎಂದು ಬಿಡುವವರೆಗೆ ಎಂದರು. ನಾನು ನಂಬಿದೆ. ಯಾಕೆ ನಂಬಬಾರದು? ಮೈಮೇಲೆ ಅಮ್ಮ ಎದ್ದವರನ್ನು ಬೇವಿನ ಸೊಪ್ಪಿನ ನೀರು ಎರೆಯುವವರೆಗೆ ಬೇರೆ ಇಡುವುದಿಲ್ಲವಾ? ಹುಟ್ಟಿಗೆ ಸೂತಕ ಇದೆ, ಸಾವಿಗೆ ಇದೆ. ಈ ಬೆಳಕಿಗೂ ಒಂದು ಸೂತಕ ಇರುತ್ತದೆ, ಅದಕ್ಕೂ ನೀರು ಎರೆಯುವ ದಿನ ಬರುತ್ತದೆ ಎಂದು ತಿಳಿದೆ. ನಿನ್ನ ಸೋದರತ್ತೆ ಸಣ್ಣಿಯೂ ಸರಿಯೇ ಎಂದಳು. ನಾವಿಬ್ಬರೂ ಸೇರಿ ಪಾಲಿಸಿದ್ದೇ ಪಾಲಿಸಿದ್ದು. ಪ್ರವೀಣನ ಸಣ್ಣ ಹುಡುಗಿ ಬೇಲಿ ದಾಟಿದರೆ ಓಡಿಸುತ್ತಿದ್ದೆ. ಅಪ್ಪ ತೊಳೆದ ಲುಂಗಿಯನ್ನು ಬೇರೆ ಹಗ್ಗಕ್ಕೆ ಹಾಕುತ್ತಿದ್ದೆ.

ಮಲ್ಲಿಗೆಯನ್ನೂ ಮುಟ್ಟಲಿಲ್ಲ ಅವರು. ಮೊಗ್ಗು ಪೇಟೆಗೆ ಹೋಗಿ ಯಾವ ಬಸುರಿಯ ತಲೆಗೆ ಸೇರುತ್ತದೋ, ನಾನು ಕೊಯ್ಯಬಾರದು ಎಂದರು. ನಾನೂ ಸಣ್ಣಿಯೂ ಕೊಯ್ದಷ್ಟು ಕೊಯ್ದೆವು. ಉಳಿದದ್ದು ಗಿಡದಲ್ಲೇ ಅರಳಿತು. ಅರಳಿದ ಮಲ್ಲಿಗೆಯನ್ನು ಯಾರು ಕೊಳ್ಳುತ್ತಾರೆ? ಸಂಜೆಗೆ ಇಡೀ ಹಿತ್ತಲು ಗಮಗಮ ಎನ್ನುತ್ತಿತ್ತು, ನನಗೆ ಸಿಟ್ಟು ಬರುತ್ತಿತ್ತು. ಮೊಗ್ಗು ಕೊಯ್ಯಲು ಕೈ ಎತ್ತುವ ತ್ರಾಣ ಅವರಿಗೆ ಇರಲಿಲ್ಲ, ಅದನ್ನು ಸೂತಕದ ಅಡಿಯಲ್ಲಿ ಮುಚ್ಚಿಟ್ಟಿದ್ದರು ಎಂದು ಈಗ ತಿಳಿಯುತ್ತದೆ. ಅರವತ್ತು ದಾಟಿದ ಹೆಂಗಸು ನಾನು, ಒಂದೇ ಮನೆಯಲ್ಲಿ ಇದ್ದೆ, ಕಾಣಲಿಲ್ಲ.

ಬೇಸಿಗೆಯಲ್ಲಿ ಎರಡನೇ ಸ್ಕ್ಯಾನು. ಮದ್ದು ಕೆಲಸ ಮಾಡುತ್ತಿದೆಯಾ ನೋಡಲು ನಡುವಿನಲ್ಲಿ ಒಂದು ಮಾಡುತ್ತಾರೆ. ಆ ಕೆಂಡಗಳೆಲ್ಲ ಬೂದಿಯಾಗಿದ್ದವು. ಒಂದರಿಂದ ಐದರವರೆಗೆ ಅಂಕ ಕೊಡುತ್ತಾರಂತೆ, ಇವರಿಗೆ ಎರಡು ಬಂತು. ಐದಕ್ಕೆ ಎರಡೇ ಎಂದು ಅಪ್ಪನ ಮುಖ ಸಣ್ಣಗಾಯಿತು. ಶಾಲೆಯ ಲೆಕ್ಕ ಅಲ್ಲ, ಇಲ್ಲಿ ಕಡಿಮೆ ಬಂದರೆ ಪಾಸು ಎಂದು ಡಾಕ್ಟರು ಹೇಳಿದರು. ಜೀವಮಾನದಲ್ಲಿ ಮೊದಲ ಸಲ ಕಡಿಮೆ ಅಂಕಕ್ಕೆ ಮರ್ಯಾದೆ ಸಿಕ್ಕಿತು ಎಂದು ಬರುವಾಗ ರೈಲಿನಲ್ಲಿ ನಾವು ನಕ್ಕೆವು. ಅಂದು ನಿನಗೆ ಫೋನು ಮಾಡಿ ಎಲ್ಲ ಆರಿದೆ ಎಂದದ್ದು ಖರೆ. ಆ ನಗು ಒಂದು ತಿಂಗಳು ಬಂತು.

ಆಮೇಲೆ ಮದ್ದಿನ ಸರದಿ ಎಲ್ಲ ಮುಗಿಯಿತು. ಮುಗಿದ ಮೇಲೆ ಮೈ ಬರಬೇಕಿತ್ತು, ಬರಲಿಲ್ಲ. ಮಳೆಗಾಲದಲ್ಲಿಯೂ ಪಂಚೆ ನೆನೆಯುವಷ್ಟು ಬೆವರು. ಜ್ವರ. ಮದ್ದಿನ ಸುಸ್ತು ಎಂದರು ಅಪ್ಪ. ನೀನು ಬಂದದ್ದು ಆ ದಿನಗಳಲ್ಲಿ.

ಚೌತಿಯ ಗಣಪತಿಯನ್ನು ನೀರಿಗೆ ಬಿಟ್ಟು ಮೂರನೇ ಸ್ಕ್ಯಾನಿಗೆ ಹೋದೆವು. ಇದು ಕೊನೆಯದು, ಇದು ಮುಗಿದರೆ ನಿನ್ನನ್ನು ಹೆರಿಗೆಗೆ ಕರೆದುಕೊಂಡು ಬರಬಹುದು ಎಂದು ನಾನು ಲೆಕ್ಕ ಹಾಕಿದ್ದೆ. ಅಪ್ಪ ಒಳಗೆ ಮಲಗಿದ್ದಾಗ ಸೂಜಿ ಕೊಡುವ ಅದೇ ಹುಡುಗಿ ಹೊರಗೆ ಸಿಕ್ಕಿದಳು. ಇವರ ಮೈಯ ಬೆಳಕು ಯಾವತ್ತು ಇಳಿಯುತ್ತದೆ, ನೀರು ಎರೆಯುವುದು ಯಾವತ್ತು, ಮಗಳಿಗೆ ಒಂಬತ್ತರ ಹತ್ತಿರ, ತವರಿಗೆ ತರಬೇಕು ಎಂದು ಕೇಳಿದೆ. ಅವಳು ನನ್ನನ್ನೇ ನೋಡಿದಳು.

“ಅಜ್ಜಿ, ಅದು ಆ ರಾತ್ರಿಗೆ ಮಾತ್ರ. ಅಜ್ಜನಿಗೆ ಮೊದಲ ಸಲವೇ ಹೇಳಿದ್ದೆ. ಮಗಳು ಬಸುರಿ, ಎಷ್ಟು ದಿನ ದೂರ ಇರಬೇಕು ಅಂತ ಕೇಳಿದ್ರು. ನಾಳೆಯೇ ಹೋಗಿ ಮಾತಾಡ್ಸಿ ಅಂದೆ. ಅವರಿಗೆ ಖುಷಿ ಆಗ್ಲೇ ಇಲ್ಲ.”

ರೈಲು ಹತ್ತಲಿ, ಆಮೇಲೆ ಕೇಳುತ್ತೇನೆ ಎಂದು ಚೀಲ ಎತ್ತಿಕೊಂಡು ಅಪ್ಪ ಇದ್ದ ಕೋಣೆಯ ಬಾಗಿಲಿಗೆ ಹೋಗಿ ಕೂತೆ.

ಡಾಕ್ಟರು ಚಿತ್ರ ತೋರಿಸಿದರು. ತೋರಿಸುವ ಮೊದಲೇ ಅವರ ಮುಖದಲ್ಲಿ ಕಂಡಿತು. ಪಿತ್ತಕೋಶದ ಮೇಲೆ, ಸೊಂಟದ ಎಲುಬಿನಲ್ಲಿ, ಬೆನ್ನಿನ ಉದ್ದಕ್ಕೆ. ಆರಿದ ಜಾಗ ಬಿಟ್ಟು ಹೊಸ ಜಾಗದಲ್ಲಿ. ಅಂಕ ಎಷ್ಟು ಎಂದು ಅಪ್ಪ ಕೇಳಿದರು. ಐದು ಎಂದರು. ನಿನ್ನ ಅಪ್ಪ ತಲೆ ಅಲ್ಲಾಡಿಸಿ, ಪೂರ್ತಿ ಬಂತು ಎಂದರು. ಬೇರೆ ಗಟ್ಟಿ ಮದ್ದು ಇದೆ, ಆದರೆ ಇವರ ಹೃದಯ ತಡೆಯುವುದಿಲ್ಲ, ಕೊಟ್ಟರೆ ಮದ್ದೇ ಕೊಲ್ಲುತ್ತದೆ ಎಂದು ಡಾಕ್ಟರು ನನಗೆ ಬಿಡಿಸಿ ಹೇಳಿದರು. ನೋವಿಗೆ ಗುಳಿಗೆ ಬರೆದುಕೊಟ್ಟರು. ಸ್ಕ್ಯಾನು ಇನ್ನು ಬೇಡ ಎಂದರು. ಬೇಡ ಎಂದದ್ದಕ್ಕೆ ಅರ್ಥ ಗೊತ್ತಾಗಲು ನಾಲ್ಕನೇ ಇಯತ್ತೆ ಬೇಕಾಗಲಿಲ್ಲ.

ದೀಪಾವಳಿ ದಾಟುತ್ತದೆ ಎಂದಿದ್ದಾರೆ. ಅದನ್ನು ನೆನಪಿಟ್ಟುಕೋ. ಸಮಯ ಇದೆ.

ರೈಲಿನಲ್ಲಿ ಕೂತ ಮೇಲೆ ಕೇಳಿದೆ. ಮದುವೆಯಾದ ದಿನದಿಂದ ಅವರಿಗೆ ‘ನೀವು’ ಎಂದೇ ಹೇಳಿದವಳು. ಆ ದಿನ ಸುರತ್ಕಲ್ ದಾಟುವ ಮೊದಲೇ ‘ನೀ’ ಎಂದೆ. ನಿನಗೆ ಗೊತ್ತಿತ್ತಲ್ಲ, ಗೊತ್ತಿದ್ದೂ ನನ್ನ ಬಾಯಿಯಿಂದ ಮಗಳನ್ನು ದಣಪೆಯಿಂದ ಓಡಿಸಿದೆಯಲ್ಲ ಎಂದು ಕೇಳಿದೆ. ಎದುರಿಗಿದ್ದವರು ಎದ್ದು ಬೇರೆ ಕಡೆ ಹೋಗಿ ಕೂತರು, ಅಷ್ಟು ಜೋರಾಗಿ. ಅಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದರು. ಆಮೇಲೆ ಹೇಳಿದರು.

“ಅವ್ಳು ನನ್ನ ಮುಖ ಕಂಡ್ರೆ ಎಲ್ಲಾ ಗೊತ್ತಾಗ್ತದೆ ಗಂಗಿ. ಸುಳ್ಳು ಹೇಳೂಕೆ ನಂಗೆ ಬಾಯಿ ಬತ್ತದೆ, ಮುಖ ಬತ್ತಿಲ್ಲ. ಅಬ್ಬೆ ಹೋಗುವಾಗ ಎಂತ ಆತು ಅಂತ ನೀವೆಲ್ಲಾ ಕಂಡಿದ್ರಲ್ಲ.”

ಅವರ ಅಬ್ಬೆ, ನಿನ್ನ ಅಜ್ಜಿ, ಹೋದ ವರ್ಷ ಒಣಗಿ ಒಣಗಿ ಸತ್ತಳು. ನೀನು ಬಂದು ಅವಳ ಹಾಸಿಗೆಯ ಹತ್ತಿರ ಕೂತು ಗಂಜಿ ಕುಡಿಸಿದೆ. ಉಸಿರು ಎಳೆಯತೊಡಗಿದಾಗ, ಬಸುರಿ ಹೆಣ ನೋಡಬಾರದೆಂದು ಸಣ್ಣಿ ನಿನ್ನನ್ನು ರಿಕ್ಷಾ ಹತ್ತಿಸಿ ಕಳಿಸಿದಳು. ಅದೇ ವಾರ ನಿನ್ನದು ಹೋಯಿತು. ಸಾಯುವವಳ ಮುಖ ನೋಡಿದ್ದಕ್ಕೆ ಕೂಸು ನಿಲ್ಲಲಿಲ್ಲ ಎಂದು ಅಪ್ಪ ಆವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದರು. ನಮಗೆ ಯಾರಿಗೂ ಹೇಳಲಿಲ್ಲ. ತನ್ನ ಸರದಿ ಬಂದಾಗ, ಮೊದಲ ಚಿತ್ರ ನೋಡಿದಾಗಲೇ, ನಿನ್ನನ್ನು ದೂರ ಇಡುವ ದಾರಿ ಹುಡುಕುತ್ತಿದ್ದರಂತೆ. ಆ ಹುಡುಗಿ ಬಸುರಿಯರು ಹತ್ತಿರ ಬರಬಾರದು ಎಂದದ್ದೇ ಸಿಕ್ಕಿತು. ಒಂದು ರಾತ್ರಿಯದನ್ನು ಆರು ತಿಂಗಳಿಗೆ ಎಳೆದರು. ಹಠ ನಿನಗೆ ಎಲ್ಲಿಂದ ಬಂತು ಎಂದು ನಿನ್ನ ಗಂಡ ಕೇಳುತ್ತಾನಲ್ಲ, ಹೇಳು ಅವನಿಗೆ.

ಕೂಸು ಹೋದದ್ದು ಅಜ್ಜಿಯ ಮುಖ ನೋಡಿ ಅಲ್ಲ. ಹೊನ್ನಾವರದ ಡಾಕ್ಟರಮ್ಮ ಗರ್ಭದ ಬಾಯಿ ಸಡಿಲ ಇತ್ತು ಎಂದು ನನ್ನ ಎದುರಿಗೇ ಹೇಳಿದ್ದಳು, ಈ ಸಲ ಹೊಲಿಗೆಯನ್ನೂ ಹಾಕಿದ್ದಾಳೆ. ಇದನ್ನು ಅಪ್ಪನಿಗೆ ರೈಲಿನಲ್ಲಿ ಹೇಳಿದೆ. ಹೆಂಗಸರ ಮಾತು, ಗಂಡಸರಿಗೆ ಯಾಕೆ ಎಂದು ಆಗ ಹೇಳಿರಲಿಲ್ಲ. ಅವರು ಕೇಳಿಸಿಕೊಂಡು, ಹೌದಾ ಎಂದರು. ಇಷ್ಟೇ. ನಾನು ಒಂದು ಮಾತು ಮುಚ್ಚಿಟ್ಟೆ, ಅವರು ಒಂದು ಮಾತು ಮುಚ್ಚಿಟ್ಟರು, ನಡುವೆ ದಣಪೆಯ ಹೊರಗೆ ನೀನು ಮಳೆಯಲ್ಲಿ ನಿಂತೆ.

ಇನ್ನೊಂದು ಮಾತು ಹೇಳಿದರು, ಅದನ್ನೂ ಬರೆಯುತ್ತೇನೆ. ಶ್ರಾವಣದಲ್ಲಿ ನಾನು ಕೂಗುವಾಗ ಅವರು ಪಂಪಿನ ಮನೆಯ ಸಂದಿಯಲ್ಲಿ ನಿಂತಿದ್ದರಂತೆ. ನಿನ್ನನ್ನು ಪೂರ್ತಿ ನೋಡಿದರಂತೆ. ನೀನು ದಪ್ಪ ಆಗಿದ್ದೀ, ನಡೆಯುವಾಗ ಎಡಗಾಲು ಮೊದಲು ಎತ್ತುತ್ತೀ, ಅಬ್ಬೆಯ ಹಾಗೆ ಎಂದರು. ನೀನು ಹೋದ ಮೇಲೆ ಆ ಕಜ್ಜಾಯ ತಿಂದವರು ಅವರೇ. ನಾಯಿ ತಿಂದಿತು ಎಂದು ನನಗೆ ಹೇಳಿದ್ದರು.

ಈಗ ಪಂಪಿನ ಮನೆ ಬಿಟ್ಟು ಒಳಗೆ ಮಲಗುತ್ತಾರೆ. ನಾನೇ ಚಾಪೆ ಎಳೆದು ತಂದೆ. ಗಂಜಿ ಸ್ವಲ್ಪ ಕುಡಿಯುತ್ತಾರೆ, ಮಾತಾಡುತ್ತಾರೆ. ಗುಳಿಗೆಗೆ ನೋವು ತಗ್ಗುತ್ತದೆ. ನೀನು ಈಗ ಬಸ್ಸಿನಲ್ಲಿ ಕುಲುಕಿಕೊಂಡು ಬರುವುದು ಬೇಡ. ಹೆದ್ದಾರಿ ಹೇಗಿದೆ ನನಗೆ ಗೊತ್ತು. ಹೆರಿಗೆ ಆಗಲಿ, ಕೂಸನ್ನು ಎತ್ತಿಕೊಂಡು ದೀಪಾವಳಿಗೆ ಬಾ. ಅಲ್ಲಿಯವರೆಗೆ ಒಂದು ಸಲ ಫೋನು ಮಾಡು. ನನಗೆ ಅಲ್ಲ, ಅವರಿಗೆ. ಬೈಯುವುದಿದ್ದರೂ ಬೈ. ನಿನ್ನ ಸ್ವರ ಕೇಳಿದರೆ ಸಾಕು ಅವರಿಗೆ.

ನನ್ನ ಮೇಲೆ ಸಿಟ್ಟು ಇಟ್ಟುಕೊಳ್ಳುವುದಾದರೆ ಇಟ್ಟುಕೋ, ನಾನು ಗಟ್ಟಿ ಇದ್ದೇನೆ, ನನಗೆ ಇನ್ನೂ ಬಹಳ ವರ್ಷ ಇದೆ. ಸಾವಕಾಶ ಬೈಯಬಹುದು.

ನಿನ್ನನ್ನು ಹೆತ್ತವಳು,
ಗಂಗಿ

ಕಾಗದ ಮಡಿಸಿ ಪ್ರವೀಣನ ಕೈಯಲ್ಲಿ ಕೊಟ್ಟಿದ್ದೆ. ಟೆಂಪೋ ಶುರು ಮಾಡಿದವನನ್ನು ನಿಲ್ಲಿಸಿ ತಿರುಗಿ ಇಸಕೊಂಡು ಇದನ್ನು ಬರೆಯುತ್ತಿದ್ದೇನೆ. ಅವನು ಹಾರನ್ ಹೊಡೆಯುತ್ತಿದ್ದಾನೆ, ಹೊಡೆಯಲಿ.

ಡಾಕ್ಟರು ದೀಪಾವಳಿಯ ಹೆಸರೇ ಎತ್ತಲಿಲ್ಲ. ಅದು ನಾನು ಸೇರಿಸಿದ್ದು. ಮನೆಗೆ ಕರೆದುಕೊಂಡು ಹೋಗಿ, ನೋಡಬೇಕಾದವರನ್ನು ಬೇಗ ಕರೆಸಿ ಎಂದರು. ಗಂಜಿ ಕುಡಿಯುತ್ತಾರೆ ಎಂದು ಬರೆದದ್ದೂ ಸುಳ್ಳು, ನಿನ್ನೆಯಿಂದ ನೀರು ಕೂಡ ಕಟಬಾಯಿಯಿಂದ ಹೊರಗೆ ಇಳಿಯುತ್ತದೆ. ಕಣ್ಣು ಹಳದಿ. ನಿನ್ನ ಅಪ್ಪನನ್ನು ಇಷ್ಟುದ್ದ ಬೈದು ಬರೆದವಳು ಅದೇ ಕೆಲಸ ನಾನೂ ಮಾಡಿದೆ.

ಈಗಲೇ ಬಾ. ಪ್ರವೀಣ ಕಾಯಿ ಇಳಿಸಿ ಬರುವಾಗ ಮುಂದಿನ ಸೀಟು ಖಾಲಿ ಇರುತ್ತದೆ, ನಿಧಾನ ಹೊಡೆಯಲು ಹೇಳಿದ್ದೇನೆ. ನರೇಶನನ್ನೂ ಕರೆದುಕೊಂಡು ಬಾ. ನನಗೆ ಹೆದರಿಕೆ ಇದೆ, ನಿನ್ನ ಹೊಟ್ಟೆಯ ಹೆದರಿಕೆ. ಆದರೂ ಬಾ. ಜೀವ ಇರುವಾಗ ಬಂದರೆ ಮುಖ ನೋಡುತ್ತೀ. ಆಮೇಲೆ ಬಂದರೆ ಬಸುರಿಯನ್ನು ಅಂಗಳಕ್ಕೂ ಬಿಡುವುದಿಲ್ಲ. ಸಣ್ಣಿಯೇ ಮೊದಲು ಅಡ್ಡ ನಿಲ್ಲುತ್ತಾಳೆ, ಅವಳನ್ನು ತಳ್ಳಲು ಆಗ ನನಗೆ ಕೈ ಬರುತ್ತದೋ ಇಲ್ಲವೋ.

ಬೆಳಿಗ್ಗೆ ಅಪ್ಪನಿಗೆ ಬೇವಿನ ಸೊಪ್ಪು ಹಾಕಿ ನೀರು ಎರೆದಿದ್ದೇನೆ. ಹಾಸಿಗೆಯನ್ನು ಜಗಲಿಗೆ ತಾ, ರಸ್ತೆ ಕಾಣುವ ಹಾಗೆ ಹಾಕು ಎಂದರು. ಹಾಗೇ ಹಾಕಿದ್ದೇನೆ. ದಣಪೆಯ ಗಳು ಎಲ್ಲ ತೆಗೆದು ಪಕ್ಕಕ್ಕೆ ಇಟ್ಟಿದ್ದೇನೆ. ದನ ನುಗ್ಗಿ ಮಲ್ಲಿಗೆ ಮೇಯ್ದರೆ ಮೇಯಲಿ.